ನನ್ನ ಚಂದ್ರ ಮಸುಕಾಗಿಯೇ ಇರಲಿ

ಪುಣೆಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನವರು ಕೋಜಾಗಿರಿ ಹುಣ್ಣಿಮೆಯ ರಾತ್ರಿ ಟೆರೇಸಿನ ಮೇಲೆ ಸೇರುತ್ತೇವೆ. ದೊಡ್ಡ ಪಾತ್ರೆಯಲ್ಲಿ ಕೇಸರಿ, ಏಲಕ್ಕಿ, ಬಾದಾಮಿ ಹಾಕಿದ ಮಸಾಲೆ ಹಾಲು ಕುದಿಯುತ್ತಿರುತ್ತದೆ. ಹಾಲಿನಲ್ಲಿ ಚಂದ್ರನ ಬಿಂಬ ಬಿದ್ದ ಮೇಲೆಯೇ ಕುಡಿಯುವುದು ಇಲ್ಲಿನ ವಾಡಿಕೆ. ನಮ್ಮ ಹಾವೇರಿ ಕಡೆ ಅದೇ ದಿನ ಶೀಗಿ ಹುಣ್ಣಿಮೆ. ಹೊಲಕ್ಕೆ ಹೋಗಿ ಭೂತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಉಣ್ಣುವ ದಿನ. ರಜೆ ಸಿಗದ ವರ್ಷಗಳಲ್ಲಿ ನನಗೆ ಈ ಹಾಲೇ ಹಬ್ಬ.

ಹೋದ ವರ್ಷ ಕ್ಯಾಮೆರಾ, ಟ್ರೈಪಾಡ್ ಹೊತ್ತುಕೊಂಡು ಎಲ್ಲರಿಗಿಂತ ಮೊದಲೇ ಹೋಗಿ ನಿಂತಿದ್ದೆ. ಆಕಾಶದಲ್ಲಿ ಹತ್ತಿ ಹಿಂಜಿ ಹರಡಿದಂಥ ತೆಳು ಮೋಡವಿತ್ತು. ಒದ್ದೆ ಬಟ್ಟೆಯ ಹಿಂದೆ ಬಲ್ಬ್ ಉರಿದಂತೆ ಚಂದ್ರ ಕಾಣುತ್ತಿದ್ದ. ಎಷ್ಟು ಸಲ ತೆಗೆದರೂ ನನ್ನ ಚಿತ್ರದಲ್ಲಿ ಅವನು ಹಾಗೆಯೇ ಬಂದ. ಅಷ್ಟರಲ್ಲಿ ಮೂರನೇ ಮಹಡಿಯ ಕಾಕಾ ಹಾಲಿನ ಲೋಟ ಎಡಗೈಗೆ ದಾಟಿಸಿ, ಬಲಗೈಯಲ್ಲಿ ಫೋನ್ ಎತ್ತಿ ಒಂದು ಸಲ ಒತ್ತಿದರು. ತೆರೆಯ ಮೇಲೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿದ್ದಂಥ ಚಂದ್ರ ಮೂಡಿದ. ‘ಇಂಜಿನಿಯರ್ ಸಾಹೇಬರೇ, ಇಷ್ಟು ದೊಡ್ಡ ಕ್ಯಾಮೆರಾ ಇಟ್ಟುಕೊಂಡು ಏನು ಉಪಯೋಗ?’ ಎಂದು ನಕ್ಕರು. ನಾನೂ ನಕ್ಕೆ.

ಮಲಗುವ ಹೊತ್ತಿಗೆ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಐದು ಚಂದ್ರರು ಬಂದಿದ್ದರು. ಐವರೂ ಒಂದೇ ಅಚ್ಚು. ಕಲೆಗಳು ಸ್ಪಷ್ಟವಾಗಿದ್ದವು, ಅಂಚು ಚೂಪಾಗಿತ್ತು, ಹಿನ್ನೆಲೆ ಕಡುಗಪ್ಪು. ಒಂದರಲ್ಲೂ ಮೋಡದ ಸುಳಿವಿರಲಿಲ್ಲ. ಆ ಹೊತ್ತು ಟೆರೇಸಿನ ಮೇಲಿದ್ದ ನಾವು ಯಾರೂ ಅಂಥ ಚಂದ್ರನನ್ನು ನೋಡಿರಲೇ ಇಲ್ಲ. ಹಾಗಾದರೆ ಆ ಮೋಡ ಎಲ್ಲಿಗೆ ಹೋಯಿತು? ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಮೊದಲೇ ಹೇಳಿಬಿಡುತ್ತೇನೆ, ನಾನೇನೂ ಪಳಗಿದ ಛಾಯಾಗ್ರಾಹಕನಲ್ಲ. ನಾಲ್ಕು ವರ್ಷದ ಹಿಂದೆ ಯಾರೋ ಮಾರಿದ ಹಳೆಯ ಡಿಎಸ್‌ಎಲ್‌ಆರ್ ಕೊಂಡವನು. ಮೊದಲ ಹುಣ್ಣಿಮೆಗೇ ಸೋತೆ. ಕ್ಯಾಮೆರಾ ಜೊತೆ ಬಂದಿದ್ದ 18–55 ಎಂ.ಎಂ. ಲೆನ್ಸಿನಲ್ಲಿ ಚಂದ್ರ ಎಂದರೆ ಕಪ್ಪು ಗೋಡೆಗೆ ಸಿಡಿದ ಸುಣ್ಣದ ಹನಿ. ಏಕೆ ಹೀಗೆ ಎಂದು ಲೆಕ್ಕ ಹಾಕಿದಾಗ ನಗು ಬಂತು. ಕಣ್ಣಿಗೆ ತಾಟಿನಷ್ಟು ಕಾಣುವ ಹುಣ್ಣಿಮೆ ಚಂದ್ರ ಆಕಾಶದಲ್ಲಿ ಆವರಿಸುವುದು ಬರೀ ಅರ್ಧ ಡಿಗ್ರಿ. ಕೈಯನ್ನು ಪೂರ್ತಿ ಚಾಚಿ ಒಂದು ಬಟಾಣಿ ಕಾಳು ಹಿಡಿದರೆ ಸಾಕು, ಚಂದ್ರ ಮರೆಯಾಗುತ್ತಾನೆ. ಲೆನ್ಸಿನ ಫೋಕಲ್ ಉದ್ದವನ್ನು ಸುಮಾರು 110ರಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಚಂದ್ರನ ಗಾತ್ರ ಸಿಗುತ್ತದೆ. 55 ಎಂ.ಎಂ. ಲೆನ್ಸಿಗೆ ಅದು ಅರ್ಧ ಮಿಲಿಮೀಟರ್. ಆಮೇಲೆ ಕೊಂಡ 300 ಎಂ.ಎಂ. ಲೆನ್ಸಿನಲ್ಲೂ 2.7 ಮಿಲಿಮೀಟರ್ ಅಷ್ಟೇ.

ದಿಗಂತದಲ್ಲಿ ಕಾಣುವ ಆ ದೊಡ್ಡ ಕೆಂಪು ಚಂದ್ರನೂ ನಮ್ಮ ಮಿದುಳಿನ ಸೃಷ್ಟಿ. ಅಳೆದರೆ ನೆತ್ತಿಯ ಮೇಲಿನ ಚಂದ್ರನಿಗಿಂತ ಅವನು ಕೂದಲೆಳೆಯಷ್ಟು ಚಿಕ್ಕವನೇ, ಏಕೆಂದರೆ ಆಗ ಅವನು ನಮ್ಮಿಂದ ತುಸು ಹೆಚ್ಚು ದೂರದಲ್ಲಿರುತ್ತಾನೆ. ಕ್ಯಾಮೆರಾಗೆ ಈ ಭ್ರಮೆ ಇಲ್ಲ. ಹಾಗಾಗಿಯೇ ‘ಕಣ್ಣಿಗೆ ಇಷ್ಟು ದೊಡ್ಡದಿತ್ತು, ಫೋಟೊದಲ್ಲಿ ಇಷ್ಟೇನಾ’ ಎಂದು ಎಲ್ಲರಿಗೂ ನಿರಾಸೆಯಾಗುವುದು.

ಎರಡನೇ ಪಾಠ ಬೆಳಕಿನದು. ರಾತ್ರಿ ಅಂದುಕೊಂಡು ನಾನು ಶಟರನ್ನು ಒಂದು ಸೆಕೆಂಡ್, ಎರಡು ಸೆಕೆಂಡ್ ತೆರೆದಿಡುತ್ತಿದ್ದೆ. ಆದರೆ ನಮಗೆ ರಾತ್ರಿಯಾದರೂ ಚಂದ್ರನ ಮೇಲೆ ಉರಿಬಿಸಿಲು. ಹುಣ್ಣಿಮೆ ಚಂದ್ರನನ್ನು ತೆಗೆಯುವುದೆಂದರೆ ಬಿಸಿಲಿಗೆ ಬಿದ್ದಿರುವ ಬಂಡೆಯನ್ನು ತೆಗೆದಂತೆ. ಅದಕ್ಕೆಂದೇ ಹಳಬರು ಒಂದು ಸೂತ್ರ ಮಾಡಿಟ್ಟಿದ್ದಾರೆ: ಎಫ್/11, ಐಎಸ್‌ಒ 100, ಶಟರ್ 1/100ರ ಆಸುಪಾಸು. ಇದು ಗೊತ್ತಾದ ದಿನ ಮೊದಲ ಸಲ ನನ್ನ ಚಿತ್ರದಲ್ಲಿ ಚಂದ್ರನ ಕಲೆಗಳು ಮೂಡಿದವು. ಆದರೆ ಚಂದ್ರ ಸರಿಯಾದ ಕೂಡಲೇ ಕೆಳಗಿನ ಊರೆಲ್ಲ ಕತ್ತಲಾಯಿತು. ಊರು ಕಾಣಿಸಲು ಹೊರಟರೆ ಚಂದ್ರ ಮತ್ತೆ ಸುಣ್ಣದ ಹನಿ. ಎರಡೂ ಒಟ್ಟಿಗೆ ಬೇಕೆಂದರೆ ಸೂರ್ಯ ಮುಳುಗುವ ಹೊತ್ತಿನ ಹತ್ತಿಪ್ಪತ್ತು ನಿಮಿಷ ಮಾತ್ರ ಅವಕಾಶ.

ಆ ಹತ್ತಿಪ್ಪತ್ತು ನಿಮಿಷ ಹುಡುಕಿಕೊಂಡು ನಾನು ವೇತಾಳ ಟೇಕಡಿ ಹತ್ತತೊಡಗಿದೆ. ಪುಣೆಯ ನಟ್ಟನಡುವೆ ಇರುವ ಗುಡ್ಡ ಅದು. ಹಳೆಯ ಕಲ್ಲುಗಣಿ, ಗ್ಲಿರಿಸಿಡಿಯಾ ಮರಗಳು, ನವಿಲಿನ ಕೂಗು. ಪೂರ್ವಕ್ಕೆ ಇಡೀ ನಗರ ಬಿದ್ದುಕೊಂಡಿರುತ್ತದೆ. ಚಂದ್ರ ಪ್ರತಿ ತಿಂಗಳೂ ಒಂದೇ ಕಡೆ ಹುಟ್ಟುವುದಿಲ್ಲ ಎನ್ನುವುದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ, ಅಲ್ಲಿ ನಿಂತು ಕಂಡದ್ದು. ಡಿಸೆಂಬರಿನ ಹುಣ್ಣಿಮೆ ಈಶಾನ್ಯದ ಕಡೆ ವಾಲಿ ಹುಟ್ಟುತ್ತದೆ, ಜೂನಿನದು ಆಗ್ನೇಯಕ್ಕೆ. ಜೂನಿನಿಂದ ಸೆಪ್ಟೆಂಬರ್‌ವರೆಗಿನ ಹುಣ್ಣಿಮೆಗಳು ಹೆಚ್ಚಾಗಿ ಮೋಡದ ಪಾಲು. ಉಳಿದವುಗಳಲ್ಲಿ ಕೆಲವು ಆಫೀಸಿನ ಪಾಲು. ವರ್ಷಕ್ಕೆ ಕೈಗೆ ಸಿಗುವುದು ನಾಲ್ಕೋ ಐದೋ ಸಂಜೆ. ನಾಲ್ಕು ವರ್ಷದಲ್ಲಿ ಗೋಡೆಗೆ ಹಾಕಬಹುದಾದ ಚಿತ್ರ ಒಂದೂ ಬಂದಿಲ್ಲ. ಆದರೆ ಕಾರ ಹುಣ್ಣಿಮೆ ಯಾವ ಕಟ್ಟಡದ ಹಿಂದಿನಿಂದ ಬರುತ್ತದೆ, ಬನದ ಹುಣ್ಣಿಮೆ ಯಾವುದರ ಹಿಂದಿನಿಂದ ಎಂದು ಈಗ ಕಣ್ಣು ಮುಚ್ಚಿ ಹೇಳಬಲ್ಲೆ.

ಇಷ್ಟು ಕಷ್ಟದ್ದು ಕಾಕಾ ಅವರ ಫೋನಿಗೆ ಒಂದೇ ಒತ್ತಿಗೆ ಹೇಗೆ ಬಂತು? ಮತ್ತೆ ಅದೇ ಲೆಕ್ಕ ಹಾಕಿ. ಫೋನಿನ ಮುಖ್ಯ ಕ್ಯಾಮೆರಾದ ನಿಜವಾದ ಫೋಕಲ್ ಉದ್ದ ಆರೇಳು ಮಿಲಿಮೀಟರ್. ಅದರ ಸೆನ್ಸರಿನ ಮೇಲೆ ಚಂದ್ರ ಬೀಳುವುದು 0.06 ಮಿಲಿಮೀಟರ್ ಅಗಲಕ್ಕೆ. ಒಂದು ಪಿಕ್ಸೆಲ್ ಒಂದು ಮೈಕ್ರಾನ್ ಎಂದುಕೊಂಡರೂ ಅರವತ್ತು ಪಿಕ್ಸೆಲ್ಲುಗಳು. ಹುಣ್ಣಿಮೆಯಲ್ಲಿ ಬಿಳಿ ಗೆರೆಗಳನ್ನು ಚಿಮ್ಮಿಸಿದಂತೆ ಕಾಣುವ ಟೈಕೋ ಕುಳಿಯ ಅಗಲ ಸುಮಾರು 85 ಕಿಲೋಮೀಟರ್, ಚಂದ್ರನ ವ್ಯಾಸ 3,474 ಕಿಲೋಮೀಟರ್. ಅಂದರೆ ಆ ಕುಳಿಗೆ ಸಿಗುವ ಜಾಗ ಒಂದೂವರೆ ಪಿಕ್ಸೆಲ್. ದುಬಾರಿ ಫೋನುಗಳ ಟೆಲಿ ಲೆನ್ಸಿನಲ್ಲಿ ಇದು ನಾಲ್ಕೈದು ಪಟ್ಟು ಹೆಚ್ಚಬಹುದು. ಹಲವು ಚಿತ್ರಗಳನ್ನು ಬೆನ್ನುಬೆನ್ನಿಗೆ ತೆಗೆದು ಬೆರೆಸಿದರೆ ಇನ್ನೊಂದಿಷ್ಟು ವಿವರ ಸಿಗಬಹುದು. ಅಲ್ಲಿಯವರೆಗೆ ಅದು ಪ್ರಾಮಾಣಿಕ ಕಸುಬು. ಅದರಾಚೆಗೆ ಕಾಣುವುದು ಬೆಳಕಿನಿಂದ ಬಂದದ್ದಲ್ಲ, ನೆನಪಿನಿಂದ ಬಂದದ್ದು. ಅದೂ ಕಾಕಾ ಅವರ ನೆನಪಲ್ಲ, ಯಂತ್ರದ ನೆನಪು.

2023ರ ಮಾರ್ಚ್‌ನಲ್ಲಿ ಇಂಟರ್ನೆಟ್ಟಿನಲ್ಲಿ ಒಬ್ಬರು ಇದನ್ನು ಸರಳವಾಗಿ ತೋರಿಸಿದರು. ಚಂದ್ರನ ಒಂದು ಚಿತ್ರವನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ತೆರೆಯ ಮೇಲೆ ಹಾಕಿದರು. ಕೋಣೆಯ ದೀಪ ಆರಿಸಿ, ದೂರ ನಿಂತು, ಫೋನಿನಿಂದ ಆ ತೆರೆಯ ಫೋಟೊ ತೆಗೆದರು. ಮಸುಕು ಚಿತ್ರದಲ್ಲಿ ಇಲ್ಲದೇ ಇದ್ದ ವಿವರಗಳು ಫೋನಿನ ಚಿತ್ರದಲ್ಲಿ ಮೂಡಿದವು. ಚಂದ್ರನನ್ನು ಗುರುತಿಸಿ ಅದರ ವಿವರಗಳನ್ನು ಹೆಚ್ಚಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಇರುವುದನ್ನು ಆ ಫೋನಿನ ಕಂಪನಿಯೂ ವಿವರಿಸಿತು. ಚಂದ್ರನ ವಿಷಯದಲ್ಲಿ ಇದು ಸುಲಭ. ಅವನು ಯಾವಾಗಲೂ ಭೂಮಿಗೆ ಒಂದೇ ಮುಖ ತೋರುವವನು. ಹಾವೇರಿಯಲ್ಲಿ ನಿಂತರೂ ಅದೇ, ಪುಣೆಯಲ್ಲಿ ನಿಂತರೂ ಅದೇ. ಒಮ್ಮೆ ಕಲಿತ ಯಂತ್ರ ಎಲ್ಲರಿಗೂ ಅದನ್ನೇ ಬರೆದುಕೊಡಬಹುದು.

ಇದನ್ನು ಹೇಳಿದಾಗ ಗೆಳೆಯರು ಎರಡು ಮಾತು ಹೇಳುತ್ತಾರೆ. ಫೋಟೊಗಳನ್ನು ತಿದ್ದುವುದು ಇಂದು ನಿನ್ನೆಯದಲ್ಲ ಎಂಬುದು ಒಂದು. ಅದು ನಿಜ. ಚಂದ್ರನಿರುವ ಫೋಟೊಗಳಲ್ಲಿ ಜಗತ್ತಿನಲ್ಲೇ ಅತಿ ಪ್ರಸಿದ್ಧವಾದದ್ದು ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯಲ್ಲಿ ತೆಗೆದದ್ದು. ಅದು ಹುಣ್ಣಿಮೆಯ ಚಂದ್ರನೂ ಅಲ್ಲ. ಹುಣ್ಣಿಮೆಗೆ ಇನ್ನೂ ದಿನ ಬಾಕಿ ಇತ್ತು. ಕಾರಿನಲ್ಲಿ ಹೋಗುತ್ತಿದ್ದವರಿಗೆ, ಚರ್ಚಿನ ಹಿಂದಿನ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಕೊನೆಯ ಬಿಸಿಲು ಬಿದ್ದದ್ದು ಕಂಡಿತು. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟು ಎಂಬ ಅಂಕಿ ತಲೆಯಲ್ಲಿತ್ತು. ಅದರ ಮೇಲೆ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಆ ಒಂದೇ ನೆಗೆಟಿವ್‌ನಿಂದ ಅವರು ವರ್ಷಗಟ್ಟಲೆ ಬೇರೆ ಬೇರೆ ಥರ ಪ್ರಿಂಟ್ ಹಾಕಿದರು, ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪು ಮಾಡುತ್ತ ಹೋದರು. ತಿದ್ದಲಿಲ್ಲವೇ ಎಂದರೆ ತಿದ್ದಿದರು. ಆದರೆ ಆ ಸಂಜೆ ಲೆನ್ಸಿನೊಳಗೆ ಬಂದ ಬೆಳಕನ್ನೇ ಹೆಚ್ಚು ಕಡಿಮೆ ಮಾಡಿದರು. ಬೇರೆ ಯಾವುದೋ ಸಂಜೆಯ ಚಂದ್ರನನ್ನು ತಂದು ಅಂಟಿಸಲಿಲ್ಲ. ತಿದ್ದಿದ್ದೇನೆ ಎನ್ನುವುದು ಅವರಿಗೆ ಗೊತ್ತಿತ್ತು, ಅದನ್ನು ಮುಚ್ಚಿಡಲಿಲ್ಲ. ನಮ್ಮ ಕಾಕಾ ಅವರಿಗೆ ತಮ್ಮ ಚಿತ್ರವನ್ನು ಯಾರೋ ತಿದ್ದಿದ್ದಾರೆ ಎಂಬುದೇ ಗೊತ್ತಿಲ್ಲ. ನನ್ನ ತಕರಾರು ತಿದ್ದುವುದರ ಬಗ್ಗೆ ಅಲ್ಲ, ತೆಗೆದವನಿಗೇ ಹೇಳದೆ ತಿದ್ದುವುದರ ಬಗ್ಗೆ.

ಗೆಳೆಯರ ಎರಡನೇ ಮಾತು: ‘ಆಗಲಿ ಮಾರಾಯ, ಚಂದ್ರ ತಾನೇ? ಯಾರಿಗೇನು ನಷ್ಟ?’ ಬಹಳ ದಿನ ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಹೊಲದಲ್ಲಿ ಅಪ್ಪನ ಕೊನೆಯ ಶೀಗಿ ಹುಣ್ಣಿಮೆಯ ಫೋಟೊ ಒಂದಿದೆ. ಮೂರು ವರ್ಷದ ಹಿಂದೆ ಹಳೆಯ ಫೋನಿನಲ್ಲಿ ನಾನೇ ತೆಗೆದದ್ದು. ಉಂಡು, ಮಾತಾಡಿ, ಬುಟ್ಟಿ ಕಟ್ಟಿ ಹೊರಡುವಷ್ಟರಲ್ಲಿ ಸಂಜೆಯಾಗಿತ್ತು. ಅಪ್ಪ ಬದುವಿನ ಮೇಲೆ ನಿಂತಿದ್ದಾನೆ. ಹಿಂದೆ ಮೆಕ್ಕೆಜೋಳ, ಬನ್ನಿ ಗಿಡ, ಗಿಡದ ಪಕ್ಕ ಚಂದ್ರ. ಚಂದ್ರ ಬರೀ ಬಿಳಿ ಚುಕ್ಕೆ. ಚಿತ್ರದ ತುಂಬ ರವೆ ಉದುರಿದಂಥ ಕಾಳು ಕಾಳು. ಮರುವರ್ಷ ಅಪ್ಪ ತೀರಿಕೊಂಡ. ವರ್ಷದ ಕಾರ್ಯಕ್ಕೆ ಕಟ್ಟು ಹಾಕಿಸಲು ಬೇರೆ ಒಳ್ಳೆಯ ಫೋಟೊ ಇರಲಿಲ್ಲ. ಹೊಸ ಫೋನಿನಲ್ಲಿ ಚಿತ್ರವನ್ನು ಚಂದ ಮಾಡುವ ಒಂದು ಆ್ಯಪ್ ಇತ್ತು. ಅದಕ್ಕೆ ಹಾಕಿದೆ. ನಾಲ್ಕು ಸೆಕೆಂಡಿನಲ್ಲಿ ಕಾಳು ಹೋಗಿ ಚಿತ್ರ ಕನ್ನಡಿಯಂತಾಯಿತು. ಬಿಳಿ ಚುಕ್ಕೆಯ ಜಾಗದಲ್ಲಿ ಕಲೆ ಸಮೇತ ದುಂಡು ಚಂದ್ರ ಬಂದ. ಖುಷಿಯಿಂದ ಸೇವ್ ಮಾಡಿ ಅವ್ವನಿಗೆ ಕಳಿಸಿದೆ.

ಅವ್ವ ಫೋನ್ ಮಾಡಿದಳು. ‘ಇದ್ಯಾರ ತಮ್ಮಾ?’

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ‘ಅಪ್ಪ ಬೇ’ ಅಂದೆ.

‘ನಿಮ್ಮಪ್ಪನ ಗಲ್ಲದ ಮ್ಯಾಲಿನ ಗಾಯ ಎಲ್ಲಿ ಹೋತು?’

ಅಪ್ಪನ ಎಡಗಲ್ಲದ ಮೇಲೆ ಎತ್ತಿನ ಕೋಡು ತಾಗಿ ಆದ ಒಂದು ಗಾಯದ ಗುರುತಿತ್ತು. ನಾನು ಹುಟ್ಟುವ ಮೊದಲಿನದು. ಆ ಕಡೆಯ ಕಣ್ಣು ಸ್ವಲ್ಪ ಚಿಕ್ಕದಾಗಿ ಕಾಣುತ್ತಿತ್ತು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಗಾಯ ಇರಲಿಲ್ಲ. ಎರಡೂ ಕಣ್ಣು ಒಂದೇ ಅಳತೆ. ಎರಡು ದಿನದ ಬಿಳಿ ಗಡ್ಡವೂ ಇಲ್ಲ. ಅಪ್ಪನ ಅಂಗಿ ಹಾಕಿಕೊಂಡು, ಅಪ್ಪನ ಜಾಗದಲ್ಲಿ, ಅಪ್ಪನ ದೂರದ ನೆಂಟನಂಥ ಯಾರೋ ನಿಂತಿದ್ದ.

ಎಂ.ಟೆಕ್.ನಲ್ಲಿ ನಾನು ಓದಿದ್ದು ಇದನ್ನೇ, ಇಮೇಜ್ ಪ್ರೊಸೆಸಿಂಗ್. ಒಳಗೆ ಏನು ನಡೆಯಿತು ಎಂದು ನನಗೆ ಗೊತ್ತು. ಆ ಆ್ಯಪ್‌ಗೆ ಸುಳ್ಳು ಹೇಳುವ ಉದ್ದೇಶವಿಲ್ಲ. ಮಸುಕಾದ ಜಾಗದಲ್ಲಿ ಏನಿರಬಹುದು ಎಂದು ತಾನು ಕಲಿತ ಲಕ್ಷಾಂತರ ಮುಖಗಳಿಂದ ಊಹಿಸಿ ತುಂಬುತ್ತದೆ. ಹೆಚ್ಚಿನ ಮನುಷ್ಯರ ಗಲ್ಲದ ಮೇಲೆ ಗಾಯ ಇರುವುದಿಲ್ಲ. ಚಂದ್ರನ ವಿಷಯದಲ್ಲಿ ಇದೇ ಊಹೆ ಪ್ರತಿಸಲ ಸರಿಯಾಗುತ್ತದೆ, ಏಕೆಂದರೆ ಚಂದ್ರ ಒಬ್ಬನೇ ಮತ್ತು ಅವನ ಮುಖ ಬದಲಾಗುವುದಿಲ್ಲ. ಅದು ಸರಿಯಾದದ್ದನ್ನು ನೋಡಿ ನೋಡಿ ನಾವು ನಂಬಲು ಕಲಿಯುತ್ತೇವೆ. ಆಮೇಲೆ ಅದೇ ನಂಬಿಕೆಯಲ್ಲಿ ಅಪ್ಪನ ಮುಖವನ್ನೂ ಅದರ ಕೈಗೆ ಕೊಡುತ್ತೇವೆ. ನನಗಾದ ನಷ್ಟ ಇದು. ನನ್ನ ಪುಣ್ಯ, ಮೂಲ ಚಿತ್ರ ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಫೋನಿನಲ್ಲಿತ್ತು. ಹೊಸ ಫೋನಿನಲ್ಲಿದ್ದ ಪ್ರತಿಯ ಮೇಲೆಯೇ ಆ್ಯಪ್ ಹೊಸದನ್ನು ಸೇವ್ ಮಾಡಿಬಿಟ್ಟಿತ್ತು.

ಹಾಗೆಂದು ಕ್ಯಾಮೆರಾ ಹಿಡಿದ ನಾನು ಸತ್ಯವಂತ, ಫೋನ್ ಹಿಡಿದವರು ಸುಳ್ಳರು ಎಂದು ಬೀಗುವಂತಿಲ್ಲ. ಒಂದು ಪಿಕ್ಸೆಲ್ಲನ್ನೂ ತಿದ್ದದೆ ಸುಳ್ಳು ಚಿತ್ರ ತೆಗೆಯಬಹುದು. ನಾನು ತೆಗೆದಿದ್ದೇನೆ.

ಬೆಳಗಾವಿಯಿಂದ ಸಾವಂತವಾಡಿ ಕಡೆ ಹೋಗುವಾಗ ಸಿಗುವ ಅಂಬೋಲಿ ಘಟ್ಟ ಮಳೆಗಾಲದಲ್ಲಿ ಕಪ್ಪೆಗಳ ರಾಜ್ಯ. ಹಿರಣ್ಯಕೇಶಿ ನದಿ ಅಲ್ಲಿ ಹುಟ್ಟಿ ನಮ್ಮ ಬೆಳಗಾವಿ ಜಿಲ್ಲೆಗೆ ಬಂದು ಘಟಪ್ರಭೆಗೆ ಸೇರುತ್ತದೆ. ಎಲೆಹಸಿರು ಬಣ್ಣದ, ಬೆರಳ ನಡುವೆ ಕೆಂಪು ಪೊರೆಯಿರುವ, ಮರದಿಂದ ಮರಕ್ಕೆ ತೇಲುವ ಮಲಬಾರ್ ಹಾರುಕಪ್ಪೆ ಅಲ್ಲಿದೆ. ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ಅದು ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಗೊದಮೊಟ್ಟೆಗಳು ಅಲ್ಲಿಂದ ಕೆಳಗಿನ ನೀರಿಗೆ ಉದುರುತ್ತವೆ. ಎರಡು ಜುಲೈ ಹಿಂದೆ ಗುಂಪೊಂದರ ಜೊತೆ ನಾನೂ ರಾತ್ರಿ ಟಾರ್ಚ್ ಹಿಡಿದು ಹೋದೆ. ಕೊಂಬೆಯ ಒಳಗೆ ಒಂದು ಜೋಡಿ ಸಿಕ್ಕಿತು. ಅಡ್ಡಡ್ಡ ಎಲೆಗಳು, ಫ್ರೇಮ್ ಸರಿಯಿಲ್ಲ. ನಮ್ಮಲ್ಲೊಬ್ಬರು ಕೊಂಬೆಯನ್ನು ಮೆಲ್ಲಗೆ ಬಗ್ಗಿಸಿದರು. ಇನ್ನೊಬ್ಬರು ಕಡ್ಡಿಯಿಂದ ಕಪ್ಪೆಗಳನ್ನು ತೆರೆದ ಎಲೆಯ ಮೇಲೆ ದಾಟಿಸಿದರು. ನಾನು ಟಾರ್ಚ್ ಹಿಡಿದಿದ್ದೆ. ಬೇಡ ಎನ್ನಲಿಲ್ಲ. ನನ್ನ ಸರದಿ ಬಂದಾಗ ನಾನೂ ಫ್ಲ್ಯಾಶ್ ಹೊಡೆದೆ. ಆರು ಜನ, ಒಬ್ಬೊಬ್ಬರೂ ಹತ್ತಾರು ಸಲ. ನಡುವೆ ಜೋಡಿ ಬಿಟ್ಟುಹೋಯಿತು. ಒಂದು ಕೆಳಗೆ ಹಾರಿ ಕತ್ತಲಲ್ಲಿ ಕಾಣೆಯಾಯಿತು. ನಾನು ಈವರೆಗೆ ತೆಗೆದ ಚಿತ್ರಗಳಲ್ಲಿ ಅತಿ ಹೆಚ್ಚು ಜನ ಮೆಚ್ಚಿದ್ದು ಅದನ್ನೇ. ಕಪ್ಪೆ ತಾನಾಗಿ ಆ ಎಲೆಯ ಮೇಲೆ ಕುಳಿತಿರಲಿಲ್ಲ ಎಂದು ನಾನು ಎಲ್ಲೂ ಬರೆಯಲಿಲ್ಲ.

ಮಿಂಚುಹುಳುಗಳದೂ ಇದೇ ಕಥೆ. ಮಳೆಗೆ ಮುಂಚೆ, ಮೇ ಕೊನೆ–ಜೂನ್ ಮೊದಲ ವಾರಗಳಲ್ಲಿ ಭಂಡಾರದರಾ ಕಡೆಯ ಸಹ್ಯಾದ್ರಿ ಕಾಡುಗಳಲ್ಲಿ ಅವು ಮಿನುಗುತ್ತವೆ. ನಾವು ನೋಡುವ ಚಿತ್ರಗಳಲ್ಲಿ ಇಡೀ ಕಾಡೇ ಹೊತ್ತಿ ಉರಿಯುವಂತಿರುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ತೆಗೆದ ಹಲವಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಹಾಗೆ ಮಾಡಿರುತ್ತಾರೆ. ತಂತ್ರ ತಪ್ಪಲ್ಲ, ಹೇಳದಿರುವುದು ತಪ್ಪು. ಅದನ್ನೇ ನಿಜವೆಂದು ನಂಬಿ ಕಾರುಗಳು ಸಾಲುಗಟ್ಟಿ ಹೋಗುತ್ತವೆ, ಹೆಡ್‌ಲೈಟ್ ಉರಿಸಿಕೊಂಡು. ಮಿಂಚುಹುಳು ಮಿನುಗುವುದು ಸಂಗಾತಿಯನ್ನು ಕರೆಯಲು. ನಮ್ಮ ಬೆಳಕಿನಲ್ಲಿ ಅದರ ಕರೆ ಯಾರಿಗೂ ಕಾಣುವುದಿಲ್ಲ. ಚಂದ್ರನಿಗೆ ನಮ್ಮ ಆಸೆಯಿಂದ ಏನೂ ಆಗುವುದಿಲ್ಲ, ಅವನು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ. ಕಪ್ಪೆ, ಹುಳುಗಳಿಗೆ ಆ ಅನುಕೂಲವಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೆಯ ಪರಂಪರೆಯಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ತಲೆಮಾರು ಫಿಲ್ಮ್ ಕಾಲದ್ದು. ಒಂದು ರೋಲಿಗೆ 36 ಚಿತ್ರ, ತೊಳೆಸಿ ತರುವವರೆಗೆ ಏನು ಬಂದಿದೆ ಎಂದು ಗೊತ್ತಾಗದು. ಮೂಡಿಗೆರೆಯ ತೇಜಸ್ವಿ ಹಕ್ಕಿಗಳ ಬೆನ್ನು ಹತ್ತಿದ್ದೂ ಕ್ಯಾಮೆರಾ ಹಿಡಿದೇ. ಕಾಯುವುದೇ ಅವರ ಕೆಲಸದ ಮುಕ್ಕಾಲು ಭಾಗವಾಗಿತ್ತು. ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳ ‘ನೇಚರ್’ ವಿಭಾಗದ ನಿಯಮವೂ ಅದೇ ಮನೋಭಾವದ್ದು: ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ, ಚಿತ್ರಕ್ಕಿಂತ ಜೀವಿಯ ಕ್ಷೇಮ ದೊಡ್ಡದು. ಸ್ಪರ್ಧೆಗೆ ಹೋಗದ ನನ್ನಂಥ ಹವ್ಯಾಸಿಗಳಿಗೂ ಇದಕ್ಕಿಂತ ಬೇರೆ ನಿಯಮ ಬೇಕಿಲ್ಲ.

ಸಾಫ್ಟ್‌ವೇರ್ ಬರೆದು ಬದುಕುವ ನಾನು ಯಂತ್ರ ಬೇಡ ಎನ್ನುವವನಲ್ಲ. ಫೋನ್ ಕಂಪನಿಗಳಿಂದ ನಾನು ಬಯಸುವುದು ಮೂರೇ. ಚಂದ್ರನನ್ನೋ ಮುಖವನ್ನೋ ಊಹಿಸಿ ಬರೆಯುವ ವ್ಯವಸ್ಥೆ ತಾನಾಗಿಯೇ ಚಾಲೂ ಇರಬಾರದು, ಬೇಕಾದವರು ಹಾಕಿಕೊಳ್ಳಲಿ. ಬರೆದಿದ್ದರೆ ಚಿತ್ರದ ಮೇಲೆ ಗುರುತು ಇರಲಿ. ಮೂಲ ಚಿತ್ರ ಯಾವ ಕಾರಣಕ್ಕೂ ಅಳಿಯದಿರಲಿ. ಇದು ಆಗದ ಕೆಲಸವಲ್ಲ. ಚಿತ್ರ ಎಲ್ಲಿಂದ ಬಂತು, ಅದಕ್ಕೆ ಏನೇನು ಮಾಡಲಾಯಿತು ಎಂಬುದನ್ನು ಚಿತ್ರದ ಜೊತೆಗೇ ದಾಖಲಿಸುವ ಸಿ2ಪಿಎ ಎಂಬ ಮಾನದಂಡಕ್ಕಾಗಿ ಅಡೋಬಿ, ಮೈಕ್ರೊಸಾಫ್ಟ್, ಬಿಬಿಸಿ ಮೊದಲಾದವು 2021ರಲ್ಲೇ ಕೈಜೋಡಿಸಿವೆ. ದಾರಿ ಇದೆ, ಎಲ್ಲರೂ ನಡೆಯಬೇಕು ಅಷ್ಟೆ.

ನಮ್ಮ ನಮ್ಮೊಳಗೆ ಮಾಡಿಕೊಳ್ಳಬಹುದಾದದ್ದು ಇನ್ನೂ ಸುಲಭ. ಪೇರಿಸಿದ ಚಿತ್ರವಾದರೆ ಪೇರಿಸಿದ್ದು ಎಂದು ಬರೆಯೋಣ. ಕಪ್ಪೆ ಸಿಗದಿದ್ದರೆ ಸಿಗಲಿಲ್ಲ ಎಂದು ಮನೆಗೆ ಬರೋಣ. ಮನೆಯ ಹಳೆಯ ಫೋಟೊಗಳ ಮೂಲ ಪ್ರತಿಯನ್ನು ಎರಡು ಕಡೆ ಇಡೋಣ. ಚಂದ್ರನನ್ನು ತೆಗೆಯುವ ಆಸೆಯಿದ್ದವರಿಗೆ, ನಾಲ್ಕು ವರ್ಷ ಸೋತವನ ಒಂದು ಸಲಹೆ: ಹುಣ್ಣಿಮೆಯ ದಿನ ಬೇಡ, ಹಿಂದಿನ ದಿನ ಚತುರ್ದಶಿಗೆ ಹೋಗಿ. ಸೂರ್ಯ ಮುಳುಗುವ ಮೊದಲೇ ಚಂದ್ರ ಬಂದಿರುತ್ತಾನೆ, ನೆಲದ ಮೇಲೆ ಇನ್ನೂ ಬೆಳಕಿರುತ್ತದೆ. ಚಂದ್ರನ ಕುಳಿಗಳೇ ಬೇಕೆಂದರೆ ಅಷ್ಟಮಿಗೆ ತೆಗೆಯಿರಿ. ಹುಣ್ಣಿಮೆಯಲ್ಲಿ ಬಿಸಿಲು ನೇರವಾಗಿ ಬೀಳುವುದರಿಂದ ನೆರಳೇ ಇರುವುದಿಲ್ಲ, ಎಲ್ಲ ಚಪ್ಪಟೆ. ಹೇಗೂ ಚಂದ್ರನ ಮುಖದ ಚಿತ್ರ ಎಲ್ಲರ ಬಳಿಯೂ ಒಂದೇ. ನಿಮ್ಮ ಊರಿನ ನೀರಿನ ಟ್ಯಾಂಕು, ನಿಮ್ಮ ಮನೆಯ ಬೇವಿನ ಮರ, ನಿಮ್ಮವರು ಅದರಲ್ಲಿದ್ದರೆ ಮಾತ್ರ ಅದು ನಿಮ್ಮ ಹುಣ್ಣಿಮೆ. ಅದನ್ನು ಬೇರೆ ಯಾರೂ ಬರೆದುಕೊಡಲಾರರು.

ಈ ವರ್ಷ ರಜೆ ಹಾಕಿ ಶೀಗಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಹಿಂದಿನ ದಿನ ಸಂಜೆ ಅದೇ ಬದುವಿನ ಮೇಲೆ ಟ್ರೈಪಾಡ್ ನಿಲ್ಲಿಸಿದೆ. ಮೆಕ್ಕೆಜೋಳದ ಮೇಲೆ ಚಂದ್ರ ಬಂದ. ಪೂಜೆಗೆ ಜಾಗ ಹಸನು ಮಾಡಲು ಬಂದಿದ್ದ ಅವ್ವ ಬನ್ನಿ ಗಿಡದ ಬುಡದಲ್ಲಿ ಬಗ್ಗಿದ್ದಳು. ಗಾಳಿಗೆ ಕ್ಯಾಮೆರಾ ತುಸು ಅಲುಗಿತು. ಹಿಂದಿನ ತೆರೆಯಲ್ಲಿ ತೋರಿಸಿದಾಗ ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. ‘ಚಂದ್ರ ಬಾಳ ಸಣ್ಣಾಗ್ಯಾನಲ್ಲೊ’ ಅಂದಳು.

‘ಅಂವ ಇರೋದ ಅಷ್ಟ ಬೇ’ ಅಂದೆ.

ಪುಣೆಗೆ ಮರಳಿದ ಮೇಲೆ ಹಳೆಯ ಫೋನಿನಿಂದ ಅಪ್ಪನ ಚಿತ್ರ ತೆಗೆದುಕೊಂಡು ಪ್ರಿಂಟ್ ಹಾಕಿಸಲು ಹೋದೆ. ಸ್ಟುಡಿಯೋದ ಹುಡುಗ ಒಳ್ಳೆಯವನು. ಚಿತ್ರ ನೋಡಿ, ‘ಸರ್, ತುಂಬಾ ಗ್ರೇನ್ ಇದೆ, ಮುಖ ಕ್ಲೀನ್ ಮಾಡಿಕೊಡುತ್ತೇನೆ, ಚಂದ್ರನನ್ನೂ ಸ್ವಲ್ಪ ದೊಡ್ಡದು ಮಾಡುತ್ತೇನೆ, ಅದಕ್ಕೆ ಬೇರೆ ಹಣ ಬೇಡ’ ಎಂದ. ಏನೂ ಮಾಡಬೇಡ, ಇದ್ದ ಹಾಗೇ ಹಾಕು ಎಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು. ಪ್ರಿಂಟ್ ಕಾಳು ಕಾಳಾಗಿಯೇ ಬಂದಿದೆ. ಊರಿಗೆ ಒಂದು ಪ್ರತಿ ಕಳಿಸಿದ್ದೇನೆ. ಅವ್ವ ಈ ಸಲ ಯಾರೆಂದು ಕೇಳಲಿಲ್ಲ.